ಸಹಾಯ ಬೇಕು: ಸಿಂಗಾಪುರದಲ್ಲಿ ಸೆರೆಯಾದ ಮೈಸೂರು ಸೈನಿಕನ ದಾಖಲೆ ಎಲ್ಲಿ ಸಿಗುತ್ತದೆ?

ನಮ್ಮ ಅಜ್ಜಿಯ ಅಣ್ಣ ಮೈಸೂರು ಸಂಸ್ಥಾನದ ಕಾಲಾಳು ಪಡೆಯಲ್ಲಿದ್ದರು. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರ ವಶವಾದಾಗ ಸೆರೆಸಿಕ್ಕರು. ಸೆರೆಯಲ್ಲೇ ತೀರಿಕೊಂಡರು, ಇಪ್ಪತ್ತೆರಡರ ಹುಡುಗ. ಮನೆಯಲ್ಲಿ ಉಳಿದಿರುವುದು ಪೆನ್ಸಿಲ್ಲಿನಲ್ಲಿ ಬರೆದ ಒಂದೇ ಒಂದು ಕಾರ್ಡು. ಅಜ್ಜಿ ಅದನ್ನು ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಕೆಳಗೆ ಇಟ್ಟಿದ್ದರು. ಮಡಿಕೆ ಬಿದ್ದಲ್ಲೆಲ್ಲ ಅಕ್ಷರ ಅಳಿಸಿದೆ. 'ಅಮ್ಮನಿಗೆ' ಎಂಬುದೊಂದು ಮಾತ್ರ ನಿಚ್ಚಳವಾಗಿದೆ. ತೀರಿಕೊಂಡ ದಿನ ಗೊತ್ತಿಲ್ಲದ್ದರಿಂದ ಮಹಾಲಯ ಅಮಾವಾಸ್ಯೆಯಂದು ಎಡೆ ಇಡುತ್ತೇವೆ. ಅಜ್ಜಿಗೆ ಕೊನೆಯವರೆಗೂ ಅದೇ ಕೊರಗು.

ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿ ಸಮಾಧಿ ಎಲ್ಲಿದೆಯೆಂದೇ ತಿಳಿಯದ 24,000ಕ್ಕೂ ಹೆಚ್ಚು ಮಂದಿಯ ಹೆಸರುಗಳಿವೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಅವರ ಹೆಸರನ್ನು ಆರೇಳು ಬಗೆಯ ಇಂಗ್ಲಿಷ್ ಕಾಗುಣಿತದಲ್ಲಿ ಹುಡುಕಿದೆ. ಹತ್ತಿರದ ಹೆಸರು ಕಂಡರೂ ಇವರೇ ಎಂದು ಹೇಳಲು ಸೈನಿಕ ಸಂಖ್ಯೆ ಬೇಕು. ಅದು ನಮ್ಮಲ್ಲಿಲ್ಲ.

ನಾನು ಸಿಕ್ಕಿಕೊಂಡಿರುವುದು ಇಲ್ಲೇ. ಸ್ವಾತಂತ್ರ್ಯದ ನಂತರ ಆ ಪಡೆ ಮದ್ರಾಸ್ ರೆಜಿಮೆಂಟಿನಲ್ಲಿ ವಿಲೀನವಾಯಿತು. ಹಾಗಾದರೆ 1940ರ ದಶಕದ ಸೈನಿಕರ ಪಟ್ಟಿ ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿರುವ ಆ ರೆಜಿಮೆಂಟಿನ ಕೇಂದ್ರದಲ್ಲಿದೆಯೇ, ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿದೆಯೇ? ಬರೀ ಹೆಸರು ಮತ್ತು ಊರು ತಿಳಿದಿರುವ ನಾನು ಸಂಖ್ಯೆಗಾಗಿ ಯಾರಿಗೆ ಅರ್ಜಿ ಬರೆಯಬೇಕು?