ಹೊಸ ಕ್ಯಾಮೆರಾದಲ್ಲಿ ಬೆಳ್ಳಕ್ಕಿಯ ಗರಿಯೇ ಕಾಣುತ್ತಿಲ್ಲ, ಏಕೆ?

ಪ್ರಶ್ನೆ: ನಮಸ್ಕಾರ ಸರ್. ಇಷ್ಟು ದಿನ ಚಿಕ್ಕ ಡಿಜಿಟಲ್ ಕ್ಯಾಮೆರಾದಲ್ಲಿ ಆಟೋ ಇಟ್ಟು ತೆಗೆಯುತ್ತಿದ್ದೆ. ಈಗ ಲೆನ್ಸ್ ಬದಲಿಸುವ ಕ್ಯಾಮೆರಾ, ಜೊತೆಗೆ 70-300 ಲೆನ್ಸ್ ತಗೊಂಡಿದ್ದೇನೆ. ಮೊನ್ನೆ ಬೆಳಗ್ಗೆ ರಂಗನತಿಟ್ಟಿನಲ್ಲಿ ದೋಣಿಯಿಂದ ಬೆಳ್ಳಕ್ಕಿ ಫೋಟೋ ತೆಗೆದೆ. ಹಿಂದಿನ ಮರ ಚೆನ್ನಾಗಿ ಬಂದಿದೆ, ಹಕ್ಕಿ ಮಾತ್ರ ಬರೀ ಬಿಳಿ ಮಚ್ಚೆ. ಅಪರ್ಚರ್ ಮೋಡ್ (ಲೆನ್ಸ್ ಎಷ್ಟು ತೆರೆಯಬೇಕು ಅಂತ ನಾನು ಇಡುವುದು, ಶಟರ್ ವೇಗ ಕ್ಯಾಮೆರಾ ಆರಿಸುವುದು), ಲೆನ್ಸ್ ತೆರೆದದ್ದು ಎಫ್ 5.6, ಬೆಳಕಿಗೆ ಸ್ಪಂದಿಸುವ ಮಟ್ಟ ಐಎಸ್ಓ 400, ಶಟರ್ 1/800 ಸೆಕೆಂಡ್ ಬಂದಿತ್ತು. ಕ್ಯಾಮೆರಾದಲ್ಲೇ ತೊಂದರೆ ಇದೆಯಾ? ಮ್ಯಾನುಯಲ್‌ಗೆ ಹೋಗಿಬಿಡಲಾ?

ಉತ್ತರ: ಕ್ಯಾಮೆರಾ ಸರಿಯಾಗೇ ಇದೆ. ಎದುರಿಗಿರುವುದು ಬಿಳಿ ಹಕ್ಕಿ ಅಂತ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್‌ಗೆ ಗೊತ್ತಿಲ್ಲ, ಅಷ್ಟೇ. ಅದು ಇಡೀ ಚೌಕಟ್ಟಿನ ಬೆಳಕು ನೋಡಿ, ಎಲ್ಲ ಸೇರಿ ನಡುಮಟ್ಟದ ಬೂದು ಬಣ್ಣಕ್ಕೆ ಬರಲಿ ಅಂತ ಲೆಕ್ಕ ಹಾಕುತ್ತದೆ. ನಿಮ್ಮ ಚಿತ್ರದಲ್ಲಿ ಮುಕ್ಕಾಲು ಭಾಗ ನೆರಳಿನ ಮರ. ಆ ಕಪ್ಪನ್ನು ಎತ್ತಲು ಹೋಗಿ ಬಿಸಿಲಲ್ಲಿದ್ದ ಹಕ್ಕಿಯನ್ನು ಸುಟ್ಟುಹಾಕಿದೆ.

ಮೀಟರ್ ಲೆಕ್ಕಕ್ಕಿಂತ ಚಿತ್ರವನ್ನು ಕಪ್ಪಗೆ ಅಥವಾ ಬೆಳ್ಳಗೆ ಮಾಡುವ ಎಕ್ಸ್‌ಪೋಷರ್ ಕಾಂಪನ್ಸೇಷನ್ ಗುಂಡಿಯನ್ನು −1ಕ್ಕೆ ಇಡಿ. ಎಫ್ 5.6, ಐಎಸ್ಓ 400 ಹಾಗೇ ಇರುತ್ತದೆ, ಶಟರ್ 1/1600 ಆಗುತ್ತದೆ. ಅಂದರೆ ಬೆಳಕು ಅರ್ಧ. ಇದೇ ಒಂದು ಸ್ಟಾಪ್. ಶಟರ್ ಹಾಗೇ ಇಟ್ಟು, ಲೆನ್ಸ್ ಕಿರಿದು ಮಾಡಿ ಎಫ್ 5.6ರಿಂದ ಎಫ್ 8ಕ್ಕೆ ಹೋದರೂ ಬೆಳಕು ಅರ್ಧವಾಗುತ್ತದೆ. ಉಳಿದೆರಡು ಹಾಗೇ ಇಟ್ಟು ಐಎಸ್ಓ 400ರಿಂದ 800 ಮಾಡಿದರೆ ಚಿತ್ರ ಒಂದು ಸ್ಟಾಪ್ ಬೆಳ್ಳಗಾಗುತ್ತದೆ. ಮೂರಕ್ಕೂ ಒಂದೇ ಅಳತೆ. ಇದು ಕೈಗೆ ಹತ್ತಿದರೆ ಸಾಕು, ಈ ಮೂರರ ಸಂಬಂಧ ತೋರಿಸುವ ತ್ರಿಕೋನದ ಚಾರ್ಟ್ ಬಾಯಿಪಾಠ ಮಾಡಬೇಕಿಲ್ಲ.

ಆದರೆ ಯಾವಾಗಲೂ −1 ಅಂದುಕೊಳ್ಳಬೇಡಿ. ಹಕ್ಕಿ ಹತ್ತಿರ ಬಂದು ಚೌಕಟ್ಟು ತುಂಬಿದರೆ ಉಲ್ಟಾ ಆಗುತ್ತದೆ, ಬಿಳಿ ಬೂದಾಗುತ್ತದೆ. ಆಗ +1 ಬೇಕಾಗಬಹುದು.

ಮ್ಯಾನುಯಲ್ (ಎಲ್ಲ ಸೆಟ್ಟಿಂಗ್ ನಾವೇ ಇಡುವ ಮೋಡ್) ಬಗ್ಗೆ ಕೇಳಿದಿರಿ. ಬಿಸಿಲು ಒಂದೇ ಸಮ ಇದ್ದಾಗ ನಾನೂ ಅದನ್ನೇ ಬಳಸುತ್ತೇನೆ. ಹಕ್ಕಿ ಮರ ಬಿಟ್ಟು ಆಕಾಶಕ್ಕೆ ಹಾರಿದರೂ ಅದರ ಮೇಲೆ ಬೀಳುವ ಬಿಸಿಲು ಅದೇ ಅಲ್ವಾ? ಸೆಟ್ಟಿಂಗ್ ಬದಲಿಸುವ ಅಗತ್ಯವೇ ಇಲ್ಲ. ಐಎಸ್ಓವನ್ನು ಕ್ಯಾಮೆರಾವೇ ಬದಲಿಸುವ ಆಟೋ ಐಎಸ್ಓ ಮಾತ್ರ ಆಫ್ ಮಾಡಿ. ಅದು ಆನ್ ಇದ್ದರೆ ಮತ್ತೆ ಮೀಟರ್‌ನದೇ ಕಾರುಬಾರು. ಮೋಡ ಬಂದು ಹೋಗುವ ದಿನ ಅಪರ್ಚರ್ ಮೋಡೇ ಆರಾಮ.

ಇನ್ನೊಬ್ಬ ಸದಸ್ಯರು: ರಾ ಫೈಲ್‌ನಲ್ಲಿ (ಕ್ಯಾಮೆರಾ ಸೆನ್ಸರ್ ದಾಖಲಿಸಿದ ಮೂಲ ಮಾಹಿತಿ ಉಳಿಸುವ ಫೈಲ್) ತೆಗೆದರೆ ಆಮೇಲೆ ಸರಿಮಾಡಬಹುದಲ್ವಾ ಸರ್?

ಉತ್ತರ: ಸ್ವಲ್ಪ ಮಟ್ಟಿಗೆ ಆಗುತ್ತದೆ, ರಾನಲ್ಲೇ ತೆಗೆಯಿರಿ. ಆದರೆ ಪೂರ್ತಿ ಸುಟ್ಟುಹೋದ ಬಿಳಿಯಲ್ಲಿ ಗರಿಯ ಗೆರೆ ದಾಖಲಾಗಿಯೇ ಇರುವುದಿಲ್ಲ. ಕಪ್ಪಾದ ಮರವನ್ನು ಆಮೇಲೆ ಎತ್ತಬಹುದು, ಒಂದಿಷ್ಟು ನಾಯ್ಸ್ (ಚುಕ್ಕೆಚುಕ್ಕೆ) ಬರುತ್ತದೆ ಅಷ್ಟೇ. ಹಾಗಾಗಿ ಮೊದಲು ಬಿಳಿಯನ್ನು ಉಳಿಸಿಕೊಳ್ಳಿ. ಮೆನುವಿನಲ್ಲಿ ಹೈಲೈಟ್ ಅಲರ್ಟ್ ಆನ್ ಮಾಡಿ, ಸುಟ್ಟುಹೋದ ಜಾಗ ಸ್ಕ್ರೀನ್‌ನಲ್ಲಿ ಮಿಣುಕುತ್ತದೆ. ಒಂದು ಫೋಟೋ ತೆಗೆದು ನೋಡಿ, ಹಕ್ಕಿಯ ಬೆನ್ನು ಮಿಣುಕುತ್ತಿದ್ದರೆ ಇನ್ನೂ ಸ್ವಲ್ಪ ಇಳಿಸಿ. ಸ್ಕ್ರೀನ್ ಎಷ್ಟು ಬೆಳ್ಳಗಿದೆ ಅಂತ ನೋಡಿ ತೀರ್ಮಾನಿಸಬೇಡಿ, ಬಿಸಿಲಲ್ಲಿ ಅದು ಮೋಸ ಮಾಡುತ್ತದೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಮತ್ತೆ ಹೋಗುವ ಮುಂಚೆ ಮನೆಯಲ್ಲೇ ಅಭ್ಯಾಸ ಮಾಡಬಹುದಾ?

ಉತ್ತರ: ಖಂಡಿತ. ಬಿಸಿಲಿಗೆ ಒಣಹಾಕಿದ ಬಿಳಿ ಪಂಚೆ, ಹಿಂದೆ ನೆರಳಿನ ಗಿಡ ಇದ್ದರೆ ಸಾಕು. 0, −1, −2 ಇಟ್ಟು ಒಂದೊಂದು ತೆಗೆಯಿರಿ. ಪಂಚೆಯ ನೇಯ್ಗೆ ಯಾವುದರಲ್ಲಿ ಕಾಣುತ್ತದೆ ಅಂತ ಝೂಮ್ ಮಾಡಿ ನೋಡಿ, ಮೂರೂ ಫೋಟೋ ಇಲ್ಲಿ ಹಾಕಿ.