ಅಪ್‌ಡೇಟ್: ಮನೆ ಬದಲಾಯಿಸಿದೆವು, ಮಕ್ಕಳು ಈಗ ಹೇಗಿದ್ದಾರೆ

ಕೆಲಸದ ಕಾರಣಕ್ಕೆ ಬೇರೆ ಊರಿಗೆ ಹೋಗಬೇಕು, 9 ವರ್ಷದ ಮಗಳು ಒಪ್ಪುತ್ತಿಲ್ಲ, 5 ವರ್ಷದ ಮಗ ರಾತ್ರಿ ಎದ್ದು ಅಳ್ತಾನೆ, ದೇವರ ಮೇಲೆ ಭರವಸೆ ಇಡೋದನ್ನು ಇವರಿಗೆ ಹೇಗೆ ಹೇಳಿಕೊಡಲಿ ಅಂತ ಹಿಂದೆ ನಿಮ್ಮನ್ನೆಲ್ಲ ಕೇಳಿದ್ದೆ. ಹೊಸ ಊರಿಗೆ ಬಂದು ಆರು ವಾರ ಆಯಿತು.

ಆಗ ನಿಮ್ಮಲ್ಲೊಬ್ಬರು ‘ಮೊದಲು ಅಳೋಕೆ ಬಿಡಿ, ಕೃತಜ್ಞತೆ ಆಮೇಲೆ’ ಅಂದಿದ್ದರಲ್ಲ, ಅದೇ ನಮ್ಮ ಕೈ ಹಿಡಿಯಿತು. ಅಲ್ಲಿಯವರೆಗೆ ನಾನು ‘ಎಲ್ಲ ಒಳ್ಳೇದಾಗುತ್ತೆ’ ಅಂತ ಅವರ ಬಾಯಿ ಮುಚ್ಚಿಸ್ತಿದ್ದೆ. ಅದು ತಪ್ಪು.

ಹೊರಡುವ ದಿನ ಖಾಲಿ ಮನೆಯಲ್ಲಿ ಒಂದೊಂದೇ ಕೋಣೆಗೆ ಹೋಗಿ ಥ್ಯಾಂಕ್ಸ್ ಹೇಳಿದೆವು. ಬಾಗಿಲ ಪಕ್ಕ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದ ತನ್ನ ಎತ್ತರದ ಗೆರೆಗಳನ್ನು ಮಗ ಬೆರಳಲ್ಲಿ ಸವರಿದ. ಮಗಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಕಣ್ಣು ಮುಚ್ಚಿ, ‘ದೇವರೇ, ನಂಗೆ ಹೋಗೋಕೆ ಇಷ್ಟ ಇಲ್ಲ. ನೀನೂ ಜೊತೆಗೆ ಬಾ’ ಅಂದಳು. ನನಗೆ ಮಾತೇ ಹೊರಡಲಿಲ್ಲ. ಅದಕ್ಕಿಂತ ದೊಡ್ಡ ನಂಬಿಕೆ ನಾನೇನು ಕಲಿಸಲಿ?

ಇಲ್ಲಿ ಮೊದಲು ಬಿಚ್ಚಿದ್ದು ಮಕ್ಕಳ ಡಬ್ಬಗಳನ್ನೇ. ಹಳೇ ಹೊದಿಕೆ, ಅದೇ ಕಥೆ, ಅದೇ ಮಲಗುವ ಸಮಯ. ಅಳು ಎರಡನೇ ವಾರಕ್ಕೇ ಕಡಿಮೆಯಾಯಿತು. ಮಲಗುವ ಮುಂಚೆ ಆ ದಿನದ ಒಂದು ಬೇಜಾರು, ಒಂದು ಖುಷಿ ಹೇಳ್ತೀವಿ, ನಾವೂ ಸೇರಿ. ಬೇಜಾರೇ ಜಾಸ್ತಿ ಇರುವ ದಿನಗಳೂ ಇವೆ.

ಮಗಳಿಗೆ ಇನ್ನೂ ಆಪ್ತ ಗೆಳತಿ ಸಿಕ್ಕಿಲ್ಲ. ಅದಕ್ಕೇ ದಿನಾ ಪ್ರಾರ್ಥಿಸ್ತಿದ್ದೀವಿ. ಮೊನ್ನೆ ಮಗ ಪೆನ್ಸಿಲ್ ಹಿಡ್ಕೊಂಡು ಬಂದು ಹೊಸ ಬಾಗಿಲಿಗೆ ಒರಗಿ ನಿಂತ, ‘ಅಮ್ಮಾ, ಗೆರೆ ಹಾಕು’ ಅಂದ. ಹಾಕಿದೆ.