ಪಾಲಿಕೆ ಕಟ್ಟಡದಲ್ಲಿ ಸಂಸ್ಥೆಯವರು ನಡೆಸುವ ಇಂಗ್ಲಿಷ್ ಶಾಲೆ: ಮಗಳನ್ನು ಸೇರಿಸುವ ಮೊದಲು ಏನು ನೋಡಬೇಕು?

ಚೆಂಬೂರು ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಕುಂದಾಪುರದ ಕಡೆಯವರು, ಮುಂಬಯಿಯ ಚೆಂಬೂರಿಗೆ ಬಂದು ಒಂಬತ್ತು ವರ್ಷವಾಯಿತು. ಯಜಮಾನರು ಘಾಟ್ಕೋಪರಿನ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಾರೆ. ಮಗಳಿಗೆ ಬರುವ ಜೂನ್‌ಗೆ ಒಂದನೇ ತರಗತಿ. ಈಗ ಹೋಗುತ್ತಿರುವ ಖಾಸಗಿ ಕೆಜಿಯವರು ಒಂದನೇ ತರಗತಿಗೆ ವರ್ಷಕ್ಕೆ 62,000 ರೂಪಾಯಿ ಹೇಳಿದ್ದಾರೆ, ಬಸ್ಸಿನ ದುಡ್ಡು ಬೇರೆ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಖಾಸಗಿ ಶಾಲೆಯಲ್ಲಿ ಸಿಗುವ ಉಚಿತ ಸೀಟಿಗೆ ಹಾಕೋಣವೆಂದರೆ ವರ್ಷದ ಆದಾಯ ಒಂದು ಲಕ್ಷದೊಳಗೆ ಇರಬೇಕು, ನಮ್ಮದು ಅದಕ್ಕಿಂತ ಮೇಲಿದೆ. 62,000 ಕಟ್ಟುವಷ್ಟು ಮೇಲಿಲ್ಲ.

ಮನೆಯಿಂದ ಹತ್ತು ನಿಮಿಷ ನಡೆದರೆ ಮುನ್ಸಿಪಾಲಿಟಿ ಶಾಲೆಯ ಕಟ್ಟಡವಿದೆ. ಕೆಳಗೆ ಮರಾಠಿ, ಅದರ ಮೇಲೆ ಉರ್ದು, ಮೂರನೇ ಮಹಡಿಯಲ್ಲಿ ಒಂದು ಸೇವಾ ಸಂಸ್ಥೆಯವರು ಇಂಗ್ಲಿಷ್ ಮಾಧ್ಯಮ ನಡೆಸುತ್ತಾರೆ. ಕಟ್ಟಡ, ಪುಸ್ತಕ, ಯೂನಿಫಾರ್ಮ್, ಮಧ್ಯಾಹ್ನದ ಖಿಚಡಿ ಎಲ್ಲ ಪಾಲಿಕೆಯದ್ದು. ಟೀಚರುಗಳನ್ನು ನೇಮಿಸಿ ಸಂಬಳ ಕೊಡುವುದು ಸಂಸ್ಥೆ. ಫೀಸಿಲ್ಲ. ಶನಿವಾರ ಪೋಷಕರನ್ನು ಕರೆದಿದ್ದರು, ಹೋಗಿ ಬಂದೆ. ಗೋಡೆ ತುಂಬ ಚಾರ್ಟು, ಮಕ್ಕಳು ಇಂಗ್ಲಿಷಿನಲ್ಲಿ ಹಾಡಿದರು, ನನಗೂ ಖುಷಿಯಾಯಿತು. ಆದರೆ ಊರಿಂದ ಅತ್ತೆ ಫೋನಿನಲ್ಲಿ “ಮುನ್ಸಿಪಾಲಿಟಿ ಶಾಲೆಗೆ ಹಾಕ್ತೀರಾ?” ಎಂದು ಕೇಳಿದ ಮೇಲೆ ಯಜಮಾನರ ಮನಸ್ಸು ಹಿಂಜರಿದಿದೆ.

ನಾನು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅಲ್ಲಿಯ ಪಾಠ ಚೆನ್ನಾಗಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಮಗಳ ಕನ್ನಡ ಏನಾಗುತ್ತದೆ ಎಂಬ ಚಿಂತೆಯೂ ಇದೆ. ತಿಳಿದವರು ಹೇಳಿ.

ನಿವೃತ್ತ ಟೀಚರ್, ಮಾಟುಂಗಾ

ತಂಗಿ, ನಾನು ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ 31 ವರ್ಷ ಕಲಿಸಿದವಳು. ಮುಂಬಯಿ ಪಾಲಿಕೆಗೆ ಎಂಟು ಮಾಧ್ಯಮಗಳ ಶಾಲೆಗಳಿವೆ, ಅದರಲ್ಲಿ ನಮ್ಮ ಕನ್ನಡವೂ ಒಂದು. ನಿವೃತ್ತಿಯಾದ ಮೇಲೆ ನೀವು ಹೇಳಿದಂಥದ್ದೇ ಒಂದು ಶಾಲೆಗೆ ವಾರಕ್ಕೆರಡು ದಿನ ಹೋಗಿ ಚಿಕ್ಕ ಮಕ್ಕಳ ಜೊತೆ ಕೂತು ಓದಿಸುತ್ತೇನೆ. ಹಾಗಾಗಿ ಎರಡೂ ಕಡೆಯದ್ದು ಕಂಡಿದ್ದೇನೆ. ಇದು ಹೊಸ ಪ್ರಯೋಗವೇನೂ ಅಲ್ಲ. ಆಕಾಂಕ್ಷಾ ಫೌಂಡೇಶನ್ನಿನವರು 2007ರಿಂದ ಪುಣೆ, ಮುಂಬಯಿ ಪಾಲಿಕೆಗಳ ಜೊತೆ ಸೇರಿ ಹೀಗೆ ಶಾಲೆ ನಡೆಸುತ್ತಿದ್ದಾರೆ. ಮುನ್ಸಿಪಾಲಿಟಿ ಎಂಬ ಹೆಸರಿಗೆ ಹೆದರಬೇಡಿ, ಸಂಸ್ಥೆ ಎಂಬ ಹೆಸರನ್ನು ನಂಬಿಯೂ ಕೂರಬೇಡಿ. ಒಂದೊಂದು ಶಾಲೆ ಒಂದೊಂದು ಥರ.

ಕರೆದ ದಿನ ಹೋದರೆ ಹಬ್ಬದ ಮನೆ ನೋಡಿದ ಹಾಗೆ. ಕರೆಯದ ದಿನ ಹೋಗಿ. ವಾರದ ಮಧ್ಯೆ, ಶಾಲೆ ಬಿಡುವ ಹೊತ್ತಿಗೆ, ಗೇಟಿನ ಹತ್ತಿರ ಅರ್ಧ ಗಂಟೆ ನಿಲ್ಲಿ. ನಮ್ಮ ಕಟ್ಟಡಗಳಲ್ಲಿ ಎರಡು ಪಾಳಿ ಇರುತ್ತದೆ, ಹನ್ನೆರಡೂವರೆಯ ಸುಮಾರಿಗೆ ಬೆಳಗಿನವರು ಇಳಿಯುತ್ತಾರೆ, ಮಧ್ಯಾಹ್ನದವರು ಹತ್ತುತ್ತಾರೆ. ಆ ನೂಕುನುಗ್ಗಲಿನಲ್ಲಿ ಟೀಚರ್ ಎಲ್ಲಿ ನಿಂತಿದ್ದಾರೆ ನೋಡಿ. ಮೆಟ್ಟಿಲ ತಿರುವಿನಲ್ಲಿ ನಿಂತು ಒಂದೊಂದೇ ಮಗುವನ್ನು ಹೆಸರು ಹಿಡಿದು ಕಳಿಸುತ್ತಿದ್ದರೆ ಅದು ಒಳ್ಳೆಯ ಲಕ್ಷಣ.

ಇಳಿದು ಬಂದ ಹೆಣ್ಣುಮಕ್ಕಳ ನೀರಿನ ಬಾಟಲಿ ಗಮನಿಸಿ. ಬೆಳಗ್ಗೆ ತುಂಬಿಸಿದ್ದು ತುಂಬಿದ ಹಾಗೇ ವಾಪಸು ಬಂದಿದ್ದರೆ ಶೌಚಾಲಯ ಸರಿಯಿಲ್ಲ ಎಂದರ್ಥ. ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ, ನೀರು ಕುಡಿಯುವುದನ್ನೇ ಬಿಡುತ್ತಾರೆ. ನನ್ನ ತರಗತಿಯ ಒಬ್ಬಳಿಗೆ ಹೀಗೇ ಉರಿಮೂತ್ರ ಶುರುವಾದ ಮೇಲೆ ನನಗೆ ಗೊತ್ತಾಯಿತು.

ನಿಮಗೆ ಇಂಗ್ಲಿಷ್ ಬಾರದಿದ್ದರೂ ಪಾಠ ಹೇಗಿದೆ ಎಂದು ತಿಳಿಯಬಹುದು. ಎರಡನೇ ತರಗತಿಯ ಯಾವುದಾದರೂ ಮಗುವಿನ ಪಟ್ಟಿಪುಸ್ತಕ ಕೇಳಿ ತೆಗೆದುಕೊಳ್ಳಿ. ಮುಂದಿನ ಬೆಂಚಿನ ಮಗುವಿನದ್ದಲ್ಲ, ಹಿಂದಿನ ಬೆಂಚಿನದ್ದು. ಮೊದಲು ತಾರೀಖುಗಳನ್ನು ನೋಡಿ. ಜುಲೈ 8 ಆದ ಮೇಲೆ ಸೀದಾ ಜುಲೈ 29 ಇದ್ದರೆ ಆ ಮೂರು ವಾರ ಏನಾಗಿತ್ತು ಎಂದು ವಿಚಾರಿಸಿ. ಆಮೇಲೆ ಪಕ್ಕದ ಮಗುವಿನ ಪುಸ್ತಕದ ಜೊತೆ ಹೋಲಿಸಿ. ಇಬ್ಬರದ್ದೂ ಒಂದೇ ವಾಕ್ಯ, ಒಂದೇ ತಪ್ಪು, ಎರಡಕ್ಕೂ ಕೆಂಪು ಶಾಯಿಯ ರೈಟ್ ಗುರುತು ಇದ್ದರೆ ಮಕ್ಕಳು ಬೋರ್ಡು ನೋಡಿ ಇಳಿಸಿಕೊಂಡಿದ್ದಾರೆ, ಬರೆದಿಲ್ಲ. ಒಂದೊಂದು ಮಗುವಿನದ್ದು ಒಂದೊಂದು ಥರದ ತಪ್ಪಿದ್ದರೆ ಸಂತೋಷಪಡಿ, ಅವು ಸ್ವಂತ ಬರೆಯುತ್ತಿವೆ.

ಓದಿನ ವಿಷಯದಲ್ಲಿ ನಾನೇ ಮಾಡಿದ ತಪ್ಪು ಹೇಳುತ್ತೇನೆ. 1998ರಲ್ಲಿ ನನ್ನ ಎರಡನೇ ತರಗತಿಯಲ್ಲಿ ಒಬ್ಬ ಹುಡುಗ ಪಾಠವನ್ನು ಗಡಗಡ ಓದುತ್ತಿದ್ದ. ‘ಚೆನ್ನಾಗಿ ಓದುತ್ತಾನೆ’ ಎಂದು ಬರೆದುಕೊಂಡಿದ್ದೆ. ಒಂದು ದಿನ ಪುಟದ ಮಧ್ಯದಲ್ಲಿ ‘ಕೊಡೆ’ ಎಂಬ ಪದದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದೆ. ಹುಡುಗ ಮೇಲಿನ ಸಾಲಿನಿಂದ ಮೆಲ್ಲಗೆ ಹೇಳಿಕೊಂಡು ಬಂದ, ನನ್ನ ಬೆರಳಿನ ಹತ್ತಿರ ಬಂದಾಗ “ಕೊಡೆ” ಅಂದ. ಪೂರ್ತಿ ಪಾಠ ಅವನಿಗೆ ಬಾಯಿಪಾಠವಾಗಿತ್ತು, ಅಕ್ಷರ ಒಂದೂ ಗೊತ್ತಿರಲಿಲ್ಲ. ಆರು ತಿಂಗಳು ಅವನು ನನ್ನ ಕಣ್ಣೆದುರೇ ಕೂತಿದ್ದ. ಅಂದಿನಿಂದ ಯಾವ ಮಗುವನ್ನೂ ಮೊದಲ ಸಾಲಿನಿಂದ ಓದಿಸಿ ನೋಡಿಲ್ಲ. ನೀವೂ ಹಾಗೇ ಮಾಡಿ, ಪುಟದ ಮಧ್ಯಕ್ಕೆ ಬೆರಳಿಡಿ. ಹಾಡು, ಚಾರ್ಟು ನೋಡಿ ಮನಸ್ಸು ಮಾಡಬೇಡಿ.

ಹೆಡ್ ಮಿಸ್ ಹತ್ತಿರ ಕೇಳಬೇಕಾದ ಮುಖ್ಯ ಪ್ರಶ್ನೆ: ಹೋದ ವರ್ಷದ ಟೀಚರುಗಳಲ್ಲಿ ಈ ವರ್ಷ ಎಷ್ಟು ಜನ ಉಳಿದಿದ್ದಾರೆ? ಸಂಸ್ಥೆಯ ಶಾಲೆಗಳಲ್ಲಿ ಹುಡುಗ ಹುಡುಗಿಯರು ತುಂಬ ಉತ್ಸಾಹದಿಂದ ಬರುತ್ತಾರೆ, ನಿಜವಾಗಿ ಚೆನ್ನಾಗಿ ಕಲಿಸುತ್ತಾರೆ, ಆದರೆ ಬೇಗ ಹೋಗಿಬಿಡುತ್ತಾರೆ. ಆರು ವರ್ಷದ ಮಗು ಒಂದೇ ವರ್ಷದಲ್ಲಿ ಮೂರು ಮುಖ ನೋಡಿದರೆ ಮೌನವಾಗುತ್ತದೆ. ಇನ್ನೊಂದು, ಆರ್‌ಟಿಇ ಪ್ರಕಾರ ಐದನೇ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಬೇಕು. ಹಾಜರಿ ಪುಸ್ತಕದ ಲೆಕ್ಕ ನಂಬಬೇಡಿ, ತಲೆ ಎಣಿಸಿ. ಸೇರಿಸಿಕೊಳ್ಳಲು ಮಗುವಿಗೆ ಪರೀಕ್ಷೆಯನ್ನೋ ನಿಮಗೆ ಸಂದರ್ಶನವನ್ನೋ ಇಟ್ಟರೆ ಧೈರ್ಯವಾಗಿ ಆಗುವುದಿಲ್ಲ ಅನ್ನಿ, ಅದೇ ಕಾಯ್ದೆಯ 13ನೇ ಕಲಮು ಅದಕ್ಕೆ ಅವಕಾಶ ಕೊಡುವುದಿಲ್ಲ.

ಕನ್ನಡದ ಮಾತು. ಮರಾಠಿಯನ್ನು ಎಲ್ಲ ಶಾಲೆಗಳೂ ಕಲಿಸಲೇಬೇಕು, 2020ರ ಕಾಯ್ದೆಯಿದೆ, ಕಲಿಯಲಿ, ಈ ಊರಲ್ಲಿ ಬೇಕೇ ಬೇಕು. ಕನ್ನಡ ನಿಮ್ಮ ಕೈಯಲ್ಲಿದೆ. ರಾತ್ರಿ ಹದಿನೈದು ನಿಮಿಷ ನೀವು ಓದಿ ಹೇಳಿ, ಸಾಕು. ಮನೆಮಾತಿನಲ್ಲಿ ಕಥೆ ಕೇಳಿದ ಮಗು ಇಂಗ್ಲಿಷ್ ಪಾಠದಲ್ಲಿ ಹಿಂದೆ ಬಿದ್ದಿದ್ದನ್ನು ನಾನು ಕಂಡಿಲ್ಲ.

ವಿಜಯಪುರದಾಂವ, ಪುಣೆ

ಅಕ್ಕಾರ, ಟೀಚರ್ ಬಾಯಾರು ಹೇಳಿದ್ದು ಖರೇ ಅದ. ನಾ ಪುಣ್ಯಾದಾಗ ಹನ್ನೆರಡು ವರ್ಷದಿಂದ ರಿಕ್ಷಾ ಹೊಡೀತೀನಿ. ನನ್ನ ಮಗಳು ಇಂಥಾದ ಸಾಲ್ಯಾಗ ಐದನೇತ್ತಾ ಓದಾಕತ್ತಾಳ. ಟೀಚರು ನಮ್ಮ ಮನೀಗೇ ಬಂದಿದ್ರು, ನೆಲದ ಮ್ಯಾಲೆ ಕುಂತು ಚಾ ಕುಡದು, ಹುಡುಗಿ ಎಲ್ಲಿ ಕುಂತು ಓದತಾಳ ಅಂತ ಜಾಗಾ ನೋಡಿ ಹೋದ್ರು. ನನ್ನ ಜನ್ಮದಾಗ ಯಾವ ಮಾಸ್ತರೂ ನಮ್ಮ ಮನೀ ಮೆಟ್ಟಲ ಹತ್ತಿದ್ದಿಲ್ಲ.

ಒಂದು ಮಾತು ನೀವು ಮೊದಲ ಕೇಳಬೇಕು, ನಾ ಕೇಳಲಿಲ್ಲ. ಈ ಸಾಲಿ ಎಷ್ಟನೇತ್ತಾದ ತನಕ ಅದ, ಕಾರ್ಪೊರೇಷನ್ ಜೋಡಿ ಕರಾರು ಎಷ್ಟು ವರ್ಷದ್ದು, ಕಟ್ಟಡ ಇದ ಇರತದೋ ಇಲ್ಲೋ. ನಮ್ಮ ಹುಡುಗಿ ಮೂರನೇತ್ತಾ ಇದ್ದಾಗ ರಿಪೇರಿ ಅಂತ ಹೇಳಿ ಸಾಲಿ ಎರಡು ಕಿಲೋಮೀಟರ್ ದೂರ ಒಯ್ದ್ರು. ಎಂಟು ದಿನ ಮೊದಲ ಅಷ್ಟ ಹೇಳಿದ್ರು. ನನಗ ರಿಕ್ಷಾ ಅದ, ಬಿಟ್ಟು ಬರತೀನಿ. ಮನೀಗೆಲಸಕ್ಕ ಹೋಗೋ ತಾಯಂದ್ರು ಐದಾರು ಮಂದಿ ಹುಡುಗೂರನ್ನ ಬಿಡಿಸಿಬಿಟ್ರು. ಅದು ನನಗ ಇನ್ನೂ ಸಂಕಟ ಆಗತದ.

ಮತ್ತ ಶಾಲಾ ವ್ಯವಸ್ಥಾಪನ ಸಮಿತಿ ಅಂತಿರತದ, ಅದರಾಗ ನಾಲ್ಕರಾಗ ಮೂರು ಪಾಲು ಪಾಲಕರು ಇರಬೇಕು, ಅರ್ಧ ಹೆಣ್ಣುಮಕ್ಕಳು. ಆ ಸಮಿತಿಯಾಗಿನ ಒಬ್ಬ ತಾಯೀನ ಹುಡುಕಿ ಮಾತಾಡ್ರಿ. ಮೀಟಿಂಗ್ ನಡೀತಾವೋ ಬರೇ ಸಹಿ ಹಾಕಿಸ್ತಾರೋ, ಆಕಿ ಹೇಳತಾಳ.

ಮುಲುಂಡ್ ಅಜ್ಜ

ನನ್ನ ಮಗಳು ಷಿಕಾಗೊದಲ್ಲಿದ್ದಾಳೆ, ಮೊಮ್ಮಗನನ್ನು ಅಲ್ಲಿಯ ಚಾರ್ಟರ್ ಶಾಲೆಗೆ ಹಾಕಿದ್ದಳು. ಸರ್ಕಾರದ ದುಡ್ಡು, ಆಡಳಿತ ಬೇರೆಯವರದ್ದು, ಫೀಸಿಲ್ಲ, ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ. ಮಿನ್ನೆಸೋಟ ರಾಜ್ಯದಲ್ಲಿ 1991ರಲ್ಲಿ ಮೊದಲ ಕಾನೂನು ಬಂದು, ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ಶುರುವಾಯಿತು. ಕರಾರಿನ ಅವಧಿ ಮುಗಿದಾಗ ಪರಿಶೀಲಿಸುತ್ತಾರೆ, ಸರಿಯಿಲ್ಲದಿದ್ದರೆ ಶಾಲೆಯನ್ನೇ ಮುಚ್ಚುತ್ತಾರೆ.

ಮಗಳು ಪರೀಕ್ಷೆಯ ಅಂಕಗಳನ್ನು ನೋಡಿ ಮಾರುಹೋದಳು. ಮೂರನೇ ತರಗತಿಯ ಅಂಕಗಳು ಬಹಳ ಚೆನ್ನಾಗಿದ್ದವು. ಕೆಜಿಗೆ ಸೇರಿದ ಮಕ್ಕಳಲ್ಲಿ ಎಷ್ಟು ಮಕ್ಕಳು ಮೂರನೇ ತರಗತಿ ತಲುಪಿದರು ಎಂದು ಕೇಳಿರಲಿಲ್ಲ. ನಿಧಾನಕ್ಕೆ ಕಲಿಯುವ ಮಕ್ಕಳ ತಂದೆತಾಯಿಯರನ್ನು ಮತ್ತೆ ಮತ್ತೆ ಕರೆಸಿ, ಅವರೇ ಬೇಸತ್ತು ಬಿಡುವ ಹಾಗೆ ಆಗುತ್ತಿತ್ತಂತೆ. ನಮ್ಮ ಮೊಮ್ಮಗನಿಗೂ ಅದೇ ಆಯಿತು, ಮಾತು ಸ್ವಲ್ಪ ತಡವಾಗಿ ಬಂದ ಹುಡುಗ. ನೀವೂ ಒಂದನೇ ತರಗತಿಯಲ್ಲಿ ಎಷ್ಟು ಮಕ್ಕಳು, ಐದರಲ್ಲಿ ಎಷ್ಟು ಮಕ್ಕಳು ಎಂದು ಕೇಳಿ. ಕಡಿಮೆಯಾಗಿದ್ದರೆ ಬಿಟ್ಟುಹೋದವರ ಮನೆಗೆ ಹೋಗಿ ಮಾತಾಡಿ.

ಚೆಂಬೂರು ಅಮ್ಮ

ಟೀಚರ್ ಅಕ್ಕ, ಅಣ್ಣ, ಅಜ್ಜ, ನಿಮಗೆಲ್ಲ ತುಂಬ ಉಪಕಾರವಾಯಿತು. ಬುಧವಾರ ಹೋಗಿ ನಿಂತಿದ್ದೆ. ಒಬ್ಬ ಟೀಚರ್ ಎರಡನೇ ಮಹಡಿಯ ತಿರುವಿನಲ್ಲಿ ನಿಂತು ಮಕ್ಕಳನ್ನು ಹೆಸರು ಕರೆದೇ ಇಳಿಸುತ್ತಿದ್ದರು. ನಮ್ಮ ಪಕ್ಕದ ಚಾಳಿನ ಹುಡುಗಿ ಅಲ್ಲೇ ಎರಡನೇ ತರಗತಿ, ಅವಳ ಬಾಟಲಿ ಖಾಲಿಯಿತ್ತು. ಮನೆಗೆ ಕರೆದುಕೊಂಡು ಬಂದು ಅವಲಕ್ಕಿ ಕೊಟ್ಟು ಇಂಗ್ಲಿಷ್ ಪುಸ್ತಕ ತೆಗೆಸಿದೆ. ಮಧ್ಯದ ಒಂದು ಪದಕ್ಕೆ ಬೆರಳಿಟ್ಟೆ. ಒಂದು ಕ್ಷಣ ತಡೆದು, ಅಕ್ಷರ ಅಕ್ಷರ ಕೂಡಿಸಿ “ಬಾಸ್ಕೆಟ್” ಅಂದಳು. ಮೇಲಿನ ಸಾಲು ನೋಡಲಿಲ್ಲ. ನನ್ನ ಕಣ್ಣು ತುಂಬಿತು.

ಗಣಿತದ ಪುಸ್ತಕದಲ್ಲಿ ಮಾತ್ರ ಸೆಪ್ಟೆಂಬರಿನಲ್ಲಿ ಹದಿನೇಳು ದಿನ ತಾರೀಖೇ ಇಲ್ಲ. ಟೀಚರ್ ಬಿಟ್ಟುಹೋದರಂತೆ, ಹೊಸಬರು ಬರುವವರೆಗೆ ಚಿತ್ರ ಬಿಡಿಸುತ್ತಿದ್ದರಂತೆ.

ಯಜಮಾನರಿಗೆ ಗುರುವಾರ ರಜೆ. ಇಬ್ಬರೂ ಹೋಗಿ ಆ ಹದಿನೇಳು ದಿನದ ವಿಷಯ, ಕರಾರಿನ ವಿಷಯ ಕೇಳಿ ಬರುತ್ತೇವೆ. ಐದನೇ ತರಗತಿಯ ತಲೆಯನ್ನೂ ಎಣಿಸುತ್ತೇನೆ.